ಪಾತ್ರೆ ನೋಡಿ ಒಲೆ ಹಚ್ಚು

ಅಡುಗೆ ನಿನಗೆ ಕೈ ಹಿಡಿದಿದೆ ಮಗು, ಅದರಲ್ಲಿ ಎರಡು ಮಾತಿಲ್ಲ. ಹುಳಿಗೆ ಉಪ್ಪು, ಖಾರ, ಬೆಲ್ಲ ಹದವಾಗಿ ಬೀಳುತ್ತಿದೆ. ಆದರೆ ಒಲೆಯ ಮುಂದೆ ನಿಂತರೆ ನಿನ್ನ ಕೈ ನೇರ ದೊಡ್ಡ ಬರ್ನರಿಗೇ ಹೋಗುತ್ತದೆ. ಎರಡು ಲೋಟ ಹಾಲೂ ಅದರ ಮೇಲೆ, ಒಗ್ಗರಣೆ ಸೌಟೂ ಅದರ ಮೇಲೆ. ಬೇಗ ಆಗಲಿ ಅಂತ ತಾನೆ? ಬೇಗ ಆಗುವುದು ಸೀಯುವುದೊಂದೇ.

ಇವತ್ತು ಹಾಲಿಟ್ಟ ಮೇಲೆ ಒಂದು ಸಲ ಬಗ್ಗಿ ನೋಡು. ಉರಿ ತಳ ದಾಟಿ ಪಾತ್ರೆಯ ಪಕ್ಕಕ್ಕೆ ಹತ್ತುತ್ತಿದ್ದರೆ ಆ ಗ್ಯಾಸು ನಿನ್ನ ಅಡುಗೆಮನೆಯನ್ನು ಕಾಯಿಸುತ್ತಿದೆ, ಹಾಲನ್ನಲ್ಲ. ಹಿಡಿ ಸುಡುತ್ತದೆ. ಅಂಚಿನಲ್ಲಿ ಹಾಲು ಸೀದು ಕಂದು ಪಟ್ಟಿ ಕಟ್ಟುತ್ತದೆ, ಅದನ್ನು ತಿಕ್ಕಬೇಕಾದದ್ದೂ ನೀನೇ. ಉರಿಯ ತುದಿ ತಳದ ಅಂಚಿಗಿಂತ ಒಂದು ಬೆರಳು ಒಳಗೇ ನಿಲ್ಲಬೇಕು. ಹಾಲು, ಡಿಕಾಕ್ಷನ್ನಿನ ನೀರು, ಒಗ್ಗರಣೆ ಇವೆಲ್ಲ ಸಣ್ಣ ಬರ್ನರಿನ ಕೆಲಸ.

ಹಾಗಂತ ಅಗಲದ ಪಾತ್ರೆಯನ್ನೂ ಸಣ್ಣದರ ಮೇಲೆ ಕೂರಿಸಬೇಡ. ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಉಪ್ಪಿಟ್ಟು ತಳ ಹಿಡಿದಾಗ ಕೆರೆದು ನೋಡಿದ್ದೀಯಾ? ಬರ್ನರ್ ಎಷ್ಟಗಲವೋ ಅಷ್ಟಗಲಕ್ಕೆ ಕರಕಲು ಅಚ್ಚು ಬಿದ್ದಿರುತ್ತದೆ. ಸ್ಟೀಲಿನಲ್ಲಿ ಶಾಖ ಹರಿಯುವುದು ಅಲ್ಯುಮಿನಿಯಮ್ಮಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಉರಿ ತಾಗಿದಲ್ಲೇ ಕಾವು ನಿಂತುಬಿಡುತ್ತದೆ. ನಡುವೆ ಸೀಯುತ್ತದೆ, ಅಂಚಿನಲ್ಲಿ ರವೆ ಬೇಯದೆ ಉಳಿಯುತ್ತದೆ. ಆಮೇಲೆ ನೀನು ರವೆಯನ್ನು ಬೈಯುತ್ತೀಯ.

ದೋಸೆ ಕಾವಲಿಯದು ಇನ್ನೊಂದು ಗುಣ. ಎರಕದ ಕಬ್ಬಿಣ ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ದೊಡ್ಡ ಬರ್ನರಿನ ಮೇಲಿಟ್ಟು ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಸುಮ್ಮನೆ ಬಿಡು. ನಡುವೆ ಕಾಲು ಸುತ್ತು ತಿರುಗಿಸಿಡು. ನೀರು ಚಿಮುಕಿಸಿದರೆ ನಡುವಿನಲ್ಲೂ ಅಂಚಿನಲ್ಲೂ ಒಂದೇ ಥರ ಚುಂಯ್ ಅನ್ನಬೇಕು, ಆಮೇಲೆ ಹಿಟ್ಟು ಹುಯ್ಯಿ. ನಿನ್ನ ಮೊದಲ ದೋಸೆ ಯಾವಾಗಲೂ ನಡುವೆ ಕಪ್ಪು, ಸುತ್ತ ಬಿಳುಪು. ಆ ಐದು ನಿಮಿಷ ಕಾಯದೆ ಇರುವುದರ ಫಲ ಅದು.

ಕುಕ್ಕರನ್ನು ದೊಡ್ಡ ಬರ್ನರಿನಲ್ಲೇ ಶುರು ಮಾಡು. ಮೊದಲ ಸೀಟಿ ಬಂದ ಮೇಲೆ ಸಣ್ಣದಕ್ಕೆ ಸಾಗಿಸು. ಸೀಟಿ ಕೂಗುವ ಹೊತ್ತಿಗೆ ಒಳಗಿನ ಬಿಸಿ ಸುಮಾರು 120 ಡಿಗ್ರಿ ಮುಟ್ಟಿರುತ್ತದೆ, ಆಮೇಲೆ ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಏರುವುದಿಲ್ಲ, ಆವಿ ಹೊರಗೆ ಹೋಗುತ್ತದೆ ಅಷ್ಟೆ. ಬೇಳೆ ಬೇಯುವುದು ಹೊತ್ತಿನಿಂದ, ಸೀಟಿಯ ಗದ್ದಲದಿಂದಲ್ಲ. ಖಾಲಿಯಾದ ದೊಡ್ಡ ಬರ್ನರಿಗೆ ಪಲ್ಯದ ಬಾಣಲೆ ಬರಲಿ.

ಸೌದೆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ದೊಡ್ಡ ಬಾಯಿಯ ಮೇಲೆ ಅನ್ನದ ಎಸರು, ಪಕ್ಕದ ಕೋಡೊಲೆಯ ಮೇಲೆ ಸಾರು ಇಲ್ಲವೇ ಹಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಹಳ್ಳಿಮನೆಗಳಿಗೆಂದು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗೆ ಜಾಗವಿತ್ತು, ಒಂದೇ ಬೆಂಕಿ ಮೂರರ ಕೆಳಗೂ ಹಾದುಹೋಗುತ್ತಿತ್ತು. ಬಾಯಿಯ ಅಳತೆಗೆ ಪಾತ್ರೆ ಕೂರಬೇಕು, ಸಂದು ಬಿಟ್ಟರೆ ಹೊಗೆ ಮನೆಯೊಳಕ್ಕೇ. ಗ್ಯಾಸಿನಲ್ಲಿ ಹೊಗೆ ಬರುವುದಿಲ್ಲ ನೋಡು, ಅದಕ್ಕೇ ನಿನಗೆ ತಪ್ಪು ಕಾಣುವುದಿಲ್ಲ.

ಉರಿ ಹಳದಿಯಾಗಿ ತಳಕ್ಕೆ ಮಸಿ ಮೆತ್ತುತ್ತಿದ್ದರೆ ಬರ್ನರ್ ತಣ್ಣಗಾದ ಮೇಲೆ ತೆಗೆದು, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ತೊಳೆದು ಒಣಗಿಸು. ಅರ್ಧ ತೂತು ಕಟ್ಟಿದ ಬರ್ನರಿನ ಮೇಲೆ ಯಾವ ಪಾತ್ರೆಯೂ ಸಮನಾಗಿ ಕಾಯದು.

ಮುಂದಿನ ತಿಂಗಳು ಸಂಬಳ ಬಂದಾಗ ಪಾತ್ರೆ ಅಂಗಡಿಗೆ ಹೋಗುತ್ತೇನೆ ಅಂದೆಯಲ್ಲ, ಹೊಳಪು ನೋಡಿ ಮರುಳಾಗಬೇಡ. ಮಗುಚಿ ತಳ ನೋಡು: ದಪ್ಪಗಿರಲಿ, ಚಪ್ಪಟೆಯಾಗಿರಲಿ. ಹೋಗುವ ಮುಂಚೆ ನಿನ್ನ ಎರಡೂ ಬರ್ನರಿನ ಅಗಲವನ್ನು ಒಂದು ದಾರದಲ್ಲಿ ಅಳೆದು, ಗಂಟು ಹಾಕಿ ಜೇಬಿನಲ್ಲಿಟ್ಟುಕೊಂಡು ಹೋಗು.