ಆ ದಿನಕ್ಕೆ ಬೇಕಾದಷ್ಟು: ಊಟ, ಉಪವಾಸ, ತೂಕ

ಸತ್ಯವೇದ ತಂದಿರುವವರು ತೆರೆಯಿರಿ. ಮೊಬೈಲ್‌ನಲ್ಲಿ ನೋಡುವವರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ. ವಿಮೋಚನಕಾಂಡ 16ನೇ ಅಧ್ಯಾಯ, 13ರಿಂದ 21ನೇ ವಚನಗಳು. ಅರಣ್ಯಕಾಂಡ 11ರಲ್ಲೂ ಒಂದು ಬೆರಳು ಇಟ್ಟುಕೊಂಡಿರಿ, ಅಲ್ಲಿಗೂ ಹೋಗ್ತೀವಿ.

ಜನವರಿಯ 21 ದಿನದ ಉಪವಾಸ ಪ್ರಾರ್ಥನೆ ಮತ್ತೆ ಹತ್ತಿರ ಬರ್ತಾ ಇದೆ. ಅದಕ್ಕೆ ಮುಂಚೆ ಈ ಸಂದೇಶ ಕೊಡಬೇಕು ಅಂತ ಪವಿತ್ರಾತ್ಮನು ಒತ್ತಾಯಿಸುತ್ತಿದ್ದರೂ ಮೂರು ವಾರ ಹಿಂದೇಟು ಹಾಕಿದೆ. ಯಾಕಂದ್ರೆ ಮೊದಲು ನಾನೇ ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು.

ಈ ವರ್ಷದ ಜನವರಿ ನಿಮಗೆ ನೆನಪಿರಬೇಕು. ಉಜ್ಜೀವನಕ್ಕಾಗಿ ಉಪವಾಸ ಅಂತ ನಾನೇ ಘೋಷಣೆ ಮಾಡಿದ್ದೆ. ಆದರೆ ಆ 21 ದಿನವೂ ಬೆಳಗ್ಗೆ ಎದ್ದ ತಕ್ಷಣ ನಾನು ಮೊಣಕಾಲೂರಲಿಲ್ಲ, ತೂಕದ ಮಷೀನ್ ಹತ್ತಿದೆ. 94 ಕೆ.ಜಿ. ಇದ್ದವನು 88ಕ್ಕೆ ಬಂದೆ. ಇದೇ ವೇದಿಕೆ ಮೇಲೆ ನಿಂತು ಅದನ್ನೂ ಸಾಕ್ಷಿಯಲ್ಲಿ ಸೇರಿಸಿ ಹೇಳಿದೆ, ನೀವು ಹಲ್ಲೆಲೂಯಾ ಅಂದ್ರಿ. ಈಸ್ಟರ್ ಹೊತ್ತಿಗೆ 95 ಆಗಿತ್ತು. ಆ ಸಾಕ್ಷಿಯನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ತೂಕ ಇಳಿದ ಆ ಹುಮ್ಮಸ್ಸಿನಲ್ಲಿ, ಫೆಲೋಶಿಪ್ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಒಬ್ಬ ತಂಗಿಗೆ, "ಏನಮ್ಮಾ, ದೇವಾಲಯ ವಿಸ್ತರಣೆ ಆಗ್ತಾ ಇದೆಯಾ?" ಅಂತ ತಮಾಷೆ ಮಾಡಿದೆ. ಸುತ್ತ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ಅವಳು ಊಟಕ್ಕೆ ನಿಲ್ಲಲೇ ಇಲ್ಲ. ಕೆಲಸ ಇರಬೇಕು ಅಂದುಕೊಂಡೆ. ಜುಲೈನಲ್ಲಿ ನನ್ನ ಹೆಂಡತಿ ಹತ್ತಿರ ಅತ್ತಿದ್ದಾಳೆ. ಶನಿವಾರ ರಾತ್ರಿಯಿಂದ ಏನೂ ತಿನ್ನದೆ ಆರಾಧನೆಗೆ ಬರ್ತಿದ್ದಳಂತೆ. ಮನೆಗೆ ಹೋಗಿ ತಿಂದರೆ ಬೆರಳು ಹಾಕಿ ವಾಂತಿ ಮಾಡಿಕೊಳ್ತಿದ್ದಳಂತೆ. ಈಗ ಡಾಕ್ಟರ್ ಹತ್ತಿರವೂ ಕೌನ್ಸೆಲಿಂಗ್‌ಗೂ ಹೋಗ್ತಿದ್ದಾಳೆ. ಅವಳ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಾ ಇದ್ದೀನಿ, ಹೆಸರು ಹೇಳಬೇಡಿ ಅಂದಿದ್ದಾಳೆ. ಅವಳ ಹತ್ತಿರ ಕ್ಷಮೆ ಕೇಳಿದ್ದಾಯ್ತು. ತಮಾಷೆ ಎಲ್ಲರ ಮುಂದೆ ಮಾಡಿದ್ದರಿಂದ ಇವತ್ತು ಎಲ್ಲರ ಮುಂದೆ ಕೇಳ್ತೀನಿ. ನನ್ನನ್ನು ಕ್ಷಮಿಸಿ.

ನಾನು ಆ ತಮಾಷೆಗೆ ಬಳಸಿದ್ದು ಯಾವ ವಾಕ್ಯ? 1 ಕೊರಿಂಥ 6:19, ದೇಹವು ಪವಿತ್ರಾತ್ಮನ ಆಲಯ ಅನ್ನೋದು. ಅದರ ಹಿಂದಿನ ವಚನ ಓದಿ ನೋಡಿ. ಪೌಲನು ಅಲ್ಲಿ ಹೊಟ್ಟೆಯ ಸುತ್ತಳತೆ ಬಗ್ಗೆ ಮಾತಾಡ್ತಿಲ್ಲ, ಜಾರತ್ವದ ಬಗ್ಗೆ ಮಾತಾಡ್ತಿದ್ದಾನೆ. 20ನೇ ವಚನದಲ್ಲಿ ಆ ದೇಹಕ್ಕೆ ಕ್ರಯ ಕೊಡಲಾಗಿದೆ ಅಂತಾನೆ. ಕ್ರಿಸ್ತನು ರಕ್ತ ಸುರಿಸಿ ಕೊಂಡುಕೊಂಡ ದೇಹವನ್ನ ಊಟದ ಸಾಲಿನಲ್ಲಿ ಹಾಸ್ಯ ಮಾಡಲು ನನಗೆ ಯಾವ ಅಧಿಕಾರ? ಹಾಗಂತ ಆ ಅಧ್ಯಾಯದಲ್ಲಿ ಊಟದ ಮಾತೇ ಇಲ್ಲ ಅಂತಲ್ಲ. 12 ಮತ್ತು 13ನೇ ವಚನದಲ್ಲಿ ಇದೆ. ಯಾವುದಕ್ಕೂ ನಾನು ದಾಸನಾಗಲಾರೆ ಅನ್ನುವ ಅರ್ಥದಲ್ಲಿ ಹೇಳಿ, ತಕ್ಷಣ ಆಹಾರದ ಉದಾಹರಣೆ ತಗೋತಾನೆ. ಅಂದ್ರೆ ಅವನು ಕೇಳುವುದು, ನಿನ್ನನ್ನು ಆಳುವುದು ಯಾವುದು ಅಂತ. ಬಿರಿಯಾನಿಯೂ ಆಳಬಹುದು, ತೂಕದ ಮಷೀನೂ ಆಳಬಹುದು. ಜನವರಿಯಲ್ಲಿ ನನ್ನನ್ನ ಆಳಿದ್ದು ಎರಡನೆಯದು.

ಇನ್ನು "ದಾನಿಯೇಲನ ಡಯಟ್". ಯುವಕರು ಪದೇ ಪದೇ ಇದನ್ನ ಕೇಳ್ತಾರೆ. ಕಾಳು, ಸೊಪ್ಪು, ನೀರು, ಹತ್ತು ದಿನ, ತೂಕ ಇಳಿಯುತ್ತಾ ಬ್ರದರ್ ಅಂತ. ದಾನಿಯೇಲ 1:15 ನೋಡಿ. ಹತ್ತು ದಿನ ಆದ ಮೇಲೆ ಆ ನಾಲ್ಕು ಜನ ಮಿಕ್ಕವರಿಗಿಂತ ಪುಷ್ಟಿಯಾಗಿ, ಮೈತುಂಬಿಕೊಂಡು ಕಂಡರು! ಅಲ್ಲಿ ವಿಷಯ ಅರಸನ ಊಟದಿಂದ ಅಶುದ್ಧರಾಗಬಾರದು ಅನ್ನೋದು. ಸಣ್ಣ ಆಗೋದಕ್ಕೆ ಅಂತ ಆ ಅಧ್ಯಾಯ ಬರೆದಿಲ್ಲ.

ಹಾಗಾದ್ರೆ ನಮ್ಮ ತಟ್ಟೆಗೆ ಮಾತಾಡುವ ವಾಕ್ಯ ಎಲ್ಲಿದೆ? ನನಗೆ ಮನ್ನಾ ಸಿಕ್ಕಿತು. ಒಬ್ಬೊಬ್ಬರಿಗೆ ಒಂದು ಓಮೆರ್, ಸುಮಾರು 2 ಲೀಟರ್ ಹಿಡಿಯುವ ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆ ಆಗಲಿಲ್ಲ. ನಾಳೆಗೆ ಅಂತ ಇಟ್ಟುಕೊಂಡಿದ್ದರಲ್ಲಿ ಹುಳ ಬಿತ್ತು. ಸಬ್ಬತ್ತಿನ ಮುಂಚಿನ ದಿನ ಮಾತ್ರ ಎರಡು ಓಮೆರ್. ದೇವರು ಹಸಿವನ್ನ ಪಾಪ ಅನ್ನಲಿಲ್ಲ, ಊಟವನ್ನೇ ಕಳಿಸಿದನು. ಆದರೆ ಅಳತೆಯನ್ನೂ ಅದರ ಜೊತೆಗೇ ಕೊಟ್ಟನು. ಈ ಜನ ಐಗುಪ್ತದಲ್ಲಿ ಗುಲಾಮರಾಗಿದ್ದವರು. ನಾಳೆ ಸಿಗುತ್ತೋ ಇಲ್ಲವೋ ಅನ್ನುವ ಭಯ ಅವರ ಕೈಗೆ ಅಂಟಿತ್ತು. ಆ ಭಯ ಬಿಡಿಸೋಕೆ ದೇವರಿಗೆ ಒಂದು ದಿನ ಸಾಕಾಗಲಿಲ್ಲ, 40 ವರ್ಷ ಪ್ರತಿ ಬೆಳಗ್ಗೆ ಅದೇ ಪಾಠ.

ಈಗ ಅರಣ್ಯಕಾಂಡ 11. ಜನ ಅತ್ತು ಕೇಳಿದ್ದು ಏನು ನೋಡಿ. ಮಾಂಸ ಬೇಕು ಅಂದರು ನಿಜ. ಆದರೆ ಐಗುಪ್ತದ ನೆನಪಿನ ಪಟ್ಟಿಯಲ್ಲಿ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ! ಡಯಟಿಷಿಯನ್ ಬರೆದುಕೊಟ್ಟ ಹಾಗಿದೆ ಅಲ್ವಾ? ತಿಂಡಿಯಲ್ಲಿ ದೋಷ ಇರಲಿಲ್ಲ. ಅದನ್ನ ತಿಂದ ಊರಿನಲ್ಲಿ ಬೆನ್ನ ಮೇಲೆ ಬಿದ್ದ ಚಾವಟಿ ಮರೆತೇಹೋಗಿತ್ತು. ಆಮೇಲೆ ಲಾವಕ್ಕಿ ಬಂದಾಗ ಹಗಲು, ರಾತ್ರಿ, ಮರುದಿನ ಪೂರ್ತಿ ಕೂಡಿಸಿದರು. ಆ ಜಾಗಕ್ಕೆ ಆಸೆಯ ಸಮಾಧಿಗಳು ಅನ್ನುವ ಹೆಸರೇ ಬಿತ್ತು.

ನನ್ನ ಲಾವಕ್ಕಿ ಬರ್ತಿದ್ದದ್ದು ರಾತ್ರಿ ಹನ್ನೊಂದೂವರೆಗೆ, ಡೆಲಿವರಿ ಹುಡುಗನ ಬ್ಯಾಗಿನಲ್ಲಿ. ಹಗಲು ಆಫೀಸು, ಸಂಜೆ ಮನೆ ಪ್ರಾರ್ಥನೆ, ಹತ್ತೂವರೆಗೆ ಮನೆ. ಊಟ ಆಗಿರ್ತಿತ್ತು. ಆದ್ರೂ ಫೋನ್ ತೆಗೆದು ಆರ್ಡರ್ ಮಾಡ್ತಿದ್ದೆ. ಹಸಿವಾಗಿ ಅಲ್ಲ, ಸುಸ್ತಾಗಿ. 1 ಅರಸುಗಳು 19ರಲ್ಲಿ ಎಲೀಯನು ಸಾಯೋಣ ಅನ್ನುವಷ್ಟು ಸೋತಾಗ ದೇವರು ಪ್ರಸಂಗ ಮಾಡಲಿಲ್ಲ. ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ, ಹೋರೇಬಿನಲ್ಲಿ. ನನಗೆ ಹನ್ನೊಂದೂವರೆಗೆ ಬೇಕಾಗಿದ್ದದ್ದು ಹಾಸಿಗೆ. ಇನ್ನೊಂದು ಮಾತು, ಮನೆ ಊಟಕ್ಕೆ ಕೈಮುಗಿದು ಸ್ತೋತ್ರ ಹೇಳ್ತೀವಿ. ಆ ಪಾರ್ಸೆಲ್ ಡಬ್ಬಿ ಮುಂದೆ ಎಂದಾದ್ರೂ ಹೇಳಿದ್ದೀವಾ? ನಾನು ಹೇಳೋಕೆ ಶುರು ಮಾಡಿದ ಮೇಲೆ ಅರ್ಧ ಆರ್ಡರ್ ತಾನಾಗಿ ನಿಂತಿತು.

ಮೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1. ಇದು 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ. ನಮ್ಮ ದೇಶದವರಿಗೆ ಸೊಂಟದ ಅಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಅಂತಾರೆ ಡಾಕ್ಟರು. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಲೆಕ್ಕ ಹಾಕಿದ್ರೆ ಹತ್ತು ಚಮಚ, 40 ಗ್ರಾಂ ಮೇಲೆ. ಮೊದಲು ಕಡಿಮೆ ಮಾಡಿದ್ದು ಅದನ್ನೇ. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಹಣ್ಣು ಇರಲಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳ್ತಾರೆ. ನಮ್ಮ ಪಿಜಿ ಹುಡುಗ ಹುಡುಗಿಯರು ನಗ್ತಾ ಇದ್ದೀರಿ, ಗೊತ್ತು. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಪಿಜಿ ಆಂಟಿ ಜೊತೆ ಜಗಳ ಬೇಡ. ಅನ್ನ ಒಂದು ಸೌಟು ಕಡಿಮೆ ಹಾಕಿಸಿಕೊಳ್ಳಿ. ಒಂದು ಬೇಯಿಸಿದ ಮೊಟ್ಟೆ, ನೆನೆಸಿದ ಹೆಸರುಕಾಳು, ಒಂದು ಸೌತೆಕಾಯಿ ಸೇರಿಸಿ. ರಾಗಿ ಮುದ್ದೆ ಒಳ್ಳೆಯದೇ. ಆದ್ರೆ ನಮ್ಮಜ್ಜಿ ಎರಡು ಮುದ್ದೆ ತಿಂದು ಇಡೀ ದಿನ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕ್ತಿದ್ದರು. ನಾವು ಎರಡು ಮುದ್ದೆ ತಿಂದು ಲ್ಯಾಪ್‌ಟಾಪ್ ಮುಂದೆ ಕೂರ್ತೀವಿ. ನನ್ನ ತೂಕ ಈಗ 90. ಏಳು ತಿಂಗಳು ಹಿಡಿಯಿತು. ಕೇಳ್ತೀರಿ ಅಂತ ಹೇಳಿದೆ, ಹಲ್ಲೆಲೂಯಾ ಬೇಡ.

ಹಾಗಾಗಿ ಈ ಜನವರಿಗೆ ಹಿರಿಯರ ಜೊತೆ ಕೂತು ಕೆಲವು ತೀರ್ಮಾನ ಮಾಡಿದ್ದೀವಿ. ತೂಕದ ಸಾಕ್ಷಿ ವೇದಿಕೆ ಮೇಲೆ ಇರಲ್ಲ. ಮತ್ತಾಯ 6ರಲ್ಲಿ ಯೇಸು ಉಪವಾಸವನ್ನ ತಂದೆ ಮತ್ತು ನಿಮ್ಮ ನಡುವೆ ಇಟ್ಟಿದ್ದಾನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನ ಕೇಳದೆ ಊಟ ಬಿಡಬಾರದು, ಸಕ್ಕರೆ ಪ್ರಮಾಣ ಕುಸಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರು, ಊಟದ ವಿಷಯದಲ್ಲಿ ಆ ತಂಗಿಯ ಹಾಗೆ ಕಷ್ಟಪಡುತ್ತಿರುವವರು ಊಟ ಮಾಡಿಯೇ ಬನ್ನಿ, ಫೋನ್ ಬಿಡಿ. ನಂಬಿಕೆ ಕಡಿಮೆ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ಅವರನ್ನ ನನ್ನ ಹತ್ತಿರ ಕಳಿಸಿ. ಸ್ವಸ್ಥತೆಗಾಗಿ ಕೈಯಿಟ್ಟು ಪ್ರಾರ್ಥಿಸುತ್ತೇವೆ, ಅದರಲ್ಲಿ ಅನುಮಾನ ಬೇಡ. ಆದರೆ ಮತ್ತಾಯ 8ರ ಕುಷ್ಠರೋಗಿಯನ್ನ ಗುಣಪಡಿಸಿದ ಮೇಲೂ ಯೇಸು ಅವನನ್ನ ಯಾಜಕನಿಗೆ ತೋರಿಸಿಕೊಳ್ಳಲು ಕಳಿಸಿದನು. ನೀವೂ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಮೇಲೆ ಮಾತ್ರೆ ನಿಲ್ಲಿಸಿ. ಯೆಶಾಯ 58ರ ಉಪವಾಸದಲ್ಲಿ ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದೂ ಸೇರಿದೆ. ಆದ್ದರಿಂದ 21 ದಿನ ಉಳಿಯುವ ಊಟದ ದುಡ್ಡಲ್ಲಿ ನಮ್ಮ ಬೀದಿ ಪೌರಕಾರ್ಮಿಕರಿಗೆ ಬೆಳಗಿನ ತಿಂಡಿ. ಹೆಸರು ಕೊಡುವವರು ಆರಾಧನೆ ಮುಗಿದ ಮೇಲೆ ಯುವಜನರ ಟೇಬಲ್ ಹತ್ತಿರ ಬನ್ನಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ತಂದೆಯೇ, ಅರಣ್ಯದಲ್ಲಿ ಪ್ರತಿ ಬೆಳಗ್ಗೆ ಊಟ ಕಳಿಸಿದವನೇ, ನಿನಗೆ ಸ್ತೋತ್ರ. ಕನ್ನಡಿ ಮುಂದೆ ನಿಂತು ತಮ್ಮ ದೇಹವನ್ನೇ ಶಪಿಸಿಕೊಂಡು ಬಂದಿರುವ ಮಕ್ಕಳು ಇಲ್ಲಿದ್ದಾರೆ, ಅವರನ್ನ ಮುಟ್ಟು ಕರ್ತನೇ. ರಾತ್ರಿ ಒಂಟಿಯಾಗಿ ತಿಂದು ಬೆಳಗ್ಗೆ ನಾಚಿಕೊಳ್ಳುವವರ ಜೊತೆ ಕೂತುಕೋ. ನನ್ನ ನಾಲಿಗೆಯನ್ನ ತೊಳೆ. ಇವತ್ತು ನಾವು ಕೆಳಗೆ ಹೋಗಿ ಒಂದೇ ಸಾಲಿನಲ್ಲಿ ನಿಂತು ಮಾಡುವ ಊಟವನ್ನ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.