ಸಕ್ಕರೆ ಕಾಯಿಲೆಯೂ ಕೈಯಲ್ಲಿರುವ ಫೋನೂ
(ಹಳ್ಳಿಯ ಕೂಟಗಳಲ್ಲಿ ಓದತಕ್ಕ ಪಾಠ)



ನಂಜನಗೂಡು ಸೀಮೆಯ ಒಬ್ಬ ಬೇಸಾಯಗಾರನನ್ನು ಊಹಿಸಿಕೊಳ್ಳಿರಿ. ಅವನಿಗೆ ಸಕ್ಕರೆ ಕಾಯಿಲೆಯುಂಟೆಂದು ತಿಳಿದು ಎರಡು ವರುಷಗಳಾದವು. ಮೊದಲು ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದನು. ದಾಹವೂ ಆಯಾಸವೂ ಅಡಗಿದ ಮೇಲೆ ಗುಣವಾಯಿತೆಂದು ತಿಳಿದು ಬಿಟ್ಟುಬಿಟ್ಟನು. ನಾಟಿಯ ಕಾಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ. ಹುಣ್ಣು ಕೀವುಗಟ್ಟಿದ ಮೇಲೆ ಹೆಂಡತಿಯು ಅದನ್ನು ಕಂಡಳು. ಔಷಧವು ಅವನಿಗೆ ದೊರೆಯುತ್ತಿತ್ತು. ಬಿಡಬೇಡವೆಂದು ಹೇಳುವವರು ದೊರೆಯಲಿಲ್ಲ. ಇಂಥ ಸಂಗತಿಯು ಯಾವ ಹಳ್ಳಿಯಲ್ಲಿಯಾದರೂ ಸಂಭವಿಸಬಹುದು. ಆದದರಿಂದ ಇದನ್ನು ಕುರಿತು ವಿಚಾರಿಸೋಣ.

1. ರೋಗದ ಸ್ವಭಾವ. ನಾವು ಉಣ್ಣುವ ಆಹಾರದ ಪಿಷ್ಟವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಇನ್ಸುಲಿನ್ ಎಂಬ ರಸವು ಅದನ್ನು ಅಂಗಗಳೊಳಕ್ಕೆ ಸೇರಿಸುತ್ತದೆ. ಆ ರಸವು ಸಾಲದಿದ್ದರೆ, ಅಥವಾ ದೇಹದಲ್ಲಿ ಸರಿಯಾಗಿ ಕೆಲಸಮಾಡದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು ಕಣ್ಣು, ಮೂತ್ರಪಿಂಡ, ಹೃದಯ, ನರಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವುಂಟು. ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತದ್ರವಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆಯಿದ್ದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಕಂಡರೆ, ಅದು ಸಕ್ಕರೆ ಕಾಯಿಲೆ. 30 ವರುಷ ದಾಟಿದವರೆಲ್ಲರೂ ಆಶಾ ಕಾರ್ಯಕರ್ತೆಯನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

2. ಊಟದ ವಿಷಯ. ಮುದ್ದೆಯನ್ನು ಎಷ್ಟು ಉಂಡರೂ ಸಕ್ಕರೆ ಏರದೆಂದು ಅನೇಕರು ನಂಬುತ್ತಾರೆ. ಅದು ಸರಿಯಲ್ಲ. ರಾಗಿಯಲ್ಲಿ ನಾರೂ ಸುಣ್ಣದಂಶವೂ ಅಕ್ಕಿಗಿಂತ ಹೆಚ್ಚು. ಆದರೆ ಅದರಲ್ಲಿಯೂ ಪಿಷ್ಟವೇ ಬಹಳ. ಮುದ್ದೆಯು ಚಿಕ್ಕದಾಗಿರಲಿ, ಸೊಪ್ಪುಸಾರೂ ಕಾಳೂ ಹೆಚ್ಚಾಗಿರಲಿ.

3. ಫೋನಿನ ಪ್ರಯೋಜನ. ಬೆಳಿಗ್ಗೆಯೂ ರಾತ್ರಿಯೂ ಮಾತ್ರೆಯ ಹೊತ್ತಿಗೆ ಅಲಾರಂ ಇಡಿರಿ. ಇದಕ್ಕೆ ಸಾಧಾರಣ ಫೋನೇ ಸಾಕು. ಸಕ್ಕರೆಯನ್ನು ಅಳೆದ ದಿನವನ್ನೂ ಅಂಕೆಯನ್ನೂ ಬರೆದು, ಆ ಹಾಳೆಯ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಳ್ಳಿರಿ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದಾಗ ವೈದ್ಯರು ಅದನ್ನೇ ಕೇಳುವರು. 2019ರಲ್ಲಿ ಆರಂಭವಾದ ಇ-ಸಂಜೀವನಿಯ ಮೂಲಕ ದೂರದ ವೈದ್ಯರೊಡನೆ ಮುಖಾಮುಖಿಯಾಗಿ ಮಾತನಾಡಬಹುದು. ಆದರೆ ಎಚ್ಚರಿಕೆ! ಕಷಾಯ ಕುಡಿದು ಇನ್ಸುಲಿನ್ ಬಿಡಿರೆಂದು ಹೇಳುವ ಸಂದೇಶಗಳೂ ಅದೇ ಫೋನಿಗೆ ಬರುತ್ತವೆ. ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ನಿಲ್ಲಿಸಬಾರದು.

4. ನೆರೆಯವರ ಕರ್ತವ್ಯ. ಅಲಾರಂ ಕೂಗಿದರೂ ಅದನ್ನು ಅಡಗಿಸಿ ಮಲಗುವುದು ಸುಲಭ. ಬಾಗಿಲಿಗೆ ಬಂದ ನೆರೆಯವನನ್ನು ಹಾಗೆ ಅಡಗಿಸಲಾಗದು. ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸುತ್ತಣ ಹಳ್ಳಿಗಳಲ್ಲಿಯೂ ಈ ರೋಗವುಳ್ಳ ನಾಲ್ಕೈದು ಮಂದಿ ಸೇರಿ, ಸಂಜೆ ಅರ್ಧ ಗಂಟೆ ಕಾಲುವೆಯ ಏರಿಯ ಮೇಲೆ ನಡೆಯಬಹುದು. ತಾಲ್ಲೂಕು ಆಸ್ಪತ್ರೆಗೆ ಒಂದೇ ದಿನ ಕೂಡಿ ಹೋಗಬಹುದು. ಓದಬಲ್ಲ ಮಗಳು ಅಜ್ಜಿಯ ಅಂಕೆಗಳನ್ನು ಬರೆಯಲಿ. ಪಾದಗಳನ್ನು ದಿನಾಲೂ ನೋಡಲಿ. ಹಬ್ಬದೂಟದಲ್ಲಿ ಪಾಯಸ ಬೇಡವೆಂದವರನ್ನು ಬಲವಂತಪಡಿಸಬೇಡಿರಿ. ಒಬ್ಬರ ರೋಗದ ಅಂಕೆಯನ್ನು ಅವರ ಅಪ್ಪಣೆಯಿಲ್ಲದೆ ಫೋನಿನ ಗುಂಪಿನಲ್ಲಿ ಹಾಕಬೇಡಿರಿ.

5. ಸಕ್ಕರೆ ತಗ್ಗಿದಾಗ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ತಪ್ಪಿಸಿದವರಿಗೆ ನಡುಕ, ಬೆವರು, ತಬ್ಬಿಬ್ಬು ಉಂಟಾಗಬಹುದು. ಸಕ್ಕರೆಯು 70ಕ್ಕಿಂತ ಕಡಿಮೆಯಾದರೆ ಅಪಾಯ. ಕೂಡಲೇ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಮೇಲೆ ತಿರುಗಿ ನೋಡಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿರಿ.

ಮೊದಲು ಹೇಳಿದ ಬೇಸಾಯಗಾರನ ಬಳಿ ಫೋನು ಇತ್ತು. ಅದರಿಂದ ಅವನನ್ನು ಕರೆದು, "ಅಣ್ಣಾ, ಮಾತ್ರೆ ನುಂಗಿದೆಯಾ?" ಎಂದು ಕೇಳುವವರು ಇದ್ದಿದ್ದರೆ, ಆ ಮುಳ್ಳು ಇಷ್ಟು ದೊಡ್ಡ ಹುಣ್ಣಾಗುತ್ತಿರಲಿಲ್ಲವೇನೋ.

ಪ್ರಶ್ನೆಗಳು
1. ರೋಗಲಕ್ಷಣ ಅಡಗಿದ ಮೇಲೆಯೂ ಮಾತ್ರೆ ಬಿಡಬಾರದೇಕೆ?
2. ಸಕ್ಕರೆ ತಗ್ಗಿದವರಿಗೆ ಮಾಡತಕ್ಕದ್ದೇನು?
3. ನಿಮ್ಮ ಬೀದಿಯಲ್ಲಿ ಈ ವಾರ ನೀವು ಯಾರನ್ನು ವಿಚಾರಿಸುವಿರಿ?