ಮೀಟರ್ ನೋಡಿ, ಗುರುತು ಹಾಕಿ

ಮನೆಯಲ್ಲೇ ಡಿಜಿಟಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್ ಇಟ್ಟುಕೊಂಡು ಹಾಡು ಧ್ವನಿಮುದ್ರಿಸುವವರಿಗೆ ಎರಡು ಮಾತು.

ಮೊದಲನೆಯದು ಲೆವೆಲ್ ಮೀಟರ್. ಡಿಜಿಟಲ್‌ನಲ್ಲಿ 0 ಡೆಸಿಬೆಲ್ ಎಂದರೆ ಕೊನೆಯ ಗೆರೆ. ಅದನ್ನು ಮೀರಲು ಹೊರಟ ಅಲೆಯ ತುದಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಆಮೇಲೆ ಫೇಡರ್ ಇಳಿಸಿದರೆ ಒಡೆದ ದನಿಯೇ ಮೆಲ್ಲಗೆ ಕೇಳುತ್ತದೆ, ಅಷ್ಟೆ. ಮೊದಲೇ ತಗ್ಗಿಸಬೇಕಾದದ್ದು ಇನ್‌ಪುಟ್ ಗೇನ್. ಪರೀಕ್ಷೆಗೆಂದು ಮೆಲುದನಿಯಲ್ಲಿ ಗುನುಗಬೇಡಿ. ತಾರಸ್ಥಾಯಿಯ ಸಾಲನ್ನೇ ಹಾಡಿ. ಮೃದಂಗದವರಿಗೂ ಮುಕ್ತಾಯವನ್ನೇ ಗಟ್ಟಿಯಾಗಿ ನುಡಿಸಲು ಹೇಳಿ. ಆಗ ಮೀಟರಿನ ತುದಿ ಮೈನಸ್ 12ರ ಆಸುಪಾಸಿನಲ್ಲಿರಲಿ. 24 ಬಿಟ್‌ನಲ್ಲಿ ಮುದ್ರಿಸುವಾಗ ಇಷ್ಟು ಜಾಗ ಬಿಟ್ಟರೂ ನಷ್ಟವಿಲ್ಲ. ಹುರುಪು ಬಂದರೆ ದನಿ ಏರಿಯೇ ಏರುತ್ತದೆ.

ಎರಡನೆಯದು ಮಾರ್ಕ್. ಪಲ್ಲವಿ, ಚರಣ, ನಡುವಿನ ವಾದ್ಯಸಂಗೀತ ಎಲ್ಲಕ್ಕೂ ಒಂದೊಂದು ಗುರುತು ಹಾಕಿ. ಚರಣವನ್ನು ಮತ್ತೆ ಹಾಡಬೇಕಾದರೆ ಗುಂಡಿ ಒತ್ತಿ ನೇರ ಅಲ್ಲಿಗೇ ಹೋಗಬಹುದು. ಆದರೆ ಗುರುತು ಮೊದಲ ಅಕ್ಷರದ ಮೇಲೆಯೇ ಬೇಡ, ಒಂದು ಆವರ್ತ ಮುಂಚೆ ಇರಲಿ. ಉಸಿರೆಳೆದುಕೊಂಡು ತಾಳ ಹಿಡಿಯಲು ಅವಕಾಶ ಸಿಗುತ್ತದೆ. ಯಾವ ಸಂಖ್ಯೆಗೆ ಯಾವ ಭಾಗ ಎಂದು ಹಾಳೆಯಲ್ಲಿ ಬರೆದಿಡಿ. ನಡುವೆ ಹೊಸ ಗುರುತು ಸೇರಿಸಿದರೆ ಹಲವು ಯಂತ್ರಗಳಲ್ಲಿ ಮುಂದಿನವುಗಳ ಸಂಖ್ಯೆ ಬದಲಾಗುತ್ತದೆ. ಹಾಳೆಯನ್ನೂ ಆಗಲೇ ತಿದ್ದಿಕೊಳ್ಳಿ.